ಹತ್ತು ಜನ ಸೇರದ ಊರಿನಲ್ಲಿ

ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದರೆ ಸಿಗುವ ಮಂಗಳೂರಿನಲ್ಲಿ 12ನೇ ಶತಮಾನದಲ್ಲೇ ಟ್ಯುನೀಷಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ನೆಲೆಸಿದ್ದ. ಕಂಚಿನ ಪಾತ್ರೆ ಮಾಡಿಸುತ್ತಿದ್ದ. ಆಶು ಎಂಬಾಕೆಯೊಡನೆ ಸಂಸಾರ ಹೂಡಿದ. ಕೈರೋದ ಸಿನಗಾಗಿನಲ್ಲಿ (ಯಹೂದಿ ಪ್ರಾರ್ಥನಾ ಮಂದಿರದಲ್ಲಿ) ಉಳಿದ ಪತ್ರಗಳ ಪ್ರಕಾರ, ಏಡನ್ನಿನ ಗೆಳೆಯರು ಹಡಗಿನವರ ಕೈಯಲ್ಲಿ ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಕಾಗದ ಕಳಿಸುತ್ತಿದ್ದರು. ದೂರದೂರಿನ ಒಂಟಿ ಯಹೂದಿ ಮನೆಗೆ ಬಂದುಹೋಗುವವರೇ ಬಳಗ ಎಂಬುದಕ್ಕೆ ಇದು ನಮ್ಮ ಸೀಮೆಯದೇ ಹಳೆಯ ಸಾಕ್ಷಿ.

ಹೀಗೆ ಬಂದುಹೋಗುವುದು ಬರೀ ಸೌಜನ್ಯದ ಮಾತಲ್ಲ. ಯಹೂದಿ ಸಂಪ್ರದಾಯದಲ್ಲಿ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರು ಕೂಡಬೇಕು. 1568ರಲ್ಲಿ ಕಟ್ಟಿದ ಕೊಚ್ಚಿಯ ಪರದೇಶಿ ಸಿನಗಾಗಿನಲ್ಲೂ, ಬಹುತೇಕರು ಇಸ್ರೇಲಿಗೆ ಹೋದ ಮೇಲೆ, ಆ ಲೆಕ್ಕ ತುಂಬಲು ಪ್ರವಾಸಿ ಯಹೂದಿಗಳೇ ಬೇಕಾದರು. ಹಾಗಾದರೆ ಅಂಥ ಮನೆಗಳಿಗೆ ಹೋಗಲು ಯಹೂದಿಯಲ್ಲದ ನಮಗೇನು ಕೆಲಸ, ಅವರೇನು ಪ್ರದರ್ಶನದ ವಸ್ತುಗಳೇ ಎಂಬ ಆಕ್ಷೇಪ ನ್ಯಾಯವೇ. 2008ರಲ್ಲಿ ಮುಂಬೈಯ ಯಹೂದಿ ಕೇಂದ್ರ ನಾರಿಮನ್ ಹೌಸ್ ಮೇಲೆ ದಾಳಿಯಾದ ಬಳಿಕ ಅಪರಿಚಿತರನ್ನು ಕಂಡರೆ ಅಳುಕುವುದೂ ಸಹಜ. ಆದರೆ ಆ ಅಳುಕು ಹೇಳದೆ ನುಗ್ಗುವವರಿಗೆ ಅಡ್ಡಿ, ಕೇಳಿ ಹೋಗುವವರಿಗಲ್ಲ. ಕಾಫಿ ತೋಟದ ಒಂಟಿಮನೆಗಳ ಆಲೂರು, ಸಕಲೇಶಪುರದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಮೊದಲೇ ತಿಳಿಸಿ ಹೋಗಿ. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗಿನ ಸಬ್ಬತ್ತಿನಲ್ಲಿ ಕ್ಯಾಮೆರಾ ಚೀಲದಲ್ಲೇ ಇರಲಿ.