ಹೆಡ್‌ಫೋನಿನಲ್ಲಿ ಡ್ರಮ್ ಸದ್ದು ಸಾಲದೇ?

ನಮ್ಮ ರುವೈಸ್‌ನ ರಿಫೈನರಿಯಲ್ಲಿ ಹಗಲು ರಾತ್ರಿ ಪಾಳಿ ಕೆಲಸ. ರಾತ್ರಿ ಪಾಳಿ ಮುಗಿಸಿದವರು ಪಕ್ಕದ ಮನೆಯಲ್ಲಿ ಹಗಲು ಮಲಗಿರುತ್ತಾರೆ. ಹೀಗಾಗಿ ಡ್ರಮ್ ಕಲಿಯುವ ಮಕ್ಕಳಿಗೆ ಎಲೆಕ್ಟ್ರಾನಿಕ್ ಕಿಟ್ ಮತ್ತು ಹೆಡ್‌ಫೋನ್ ಅನುಕೂಲ. ಆದರೆ ವಾಲ್ಯೂಮ್ ಪೂರ್ತಿ ತಿರುಗಿಸಿದರೂ ಕೆಲವೊಮ್ಮೆ ಸದ್ದು ಸಾಲುವುದಿಲ್ಲ.

ಮೊದಲು ಪಿನ್ ಪೂರ್ತಿ ಒಳಗೆ ಹೋಗಿದೆಯೇ, ಮೆನುವಿನಲ್ಲಿ ಕಿಟ್ ವಾಲ್ಯೂಮ್ ಕಡಿಮೆ ಇದೆಯೇ ನೋಡಿ. ಅವು ಸರಿಯಿದ್ದರೆ ಹೆಡ್‌ಫೋನಿನ ಓಮ್ ಪರೀಕ್ಷಿಸಿ. ಒಂದೇ ವೋಲ್ಟೇಜಿನಲ್ಲಿ 32 ಓಮ್ ಹೆಡ್‌ಫೋನಿಗೆ ಸಿಗುವ ಶಕ್ತಿಯ ಸುಮಾರು ಎಂಟನೇ ಒಂದು ಭಾಗ ಮಾತ್ರ 250 ಓಮ್‌ನದಕ್ಕೆ ಸಿಗುತ್ತದೆ. ಆದ್ದರಿಂದ ಕೊಳ್ಳುವಾಗ ಕಡಿಮೆ ಓಮ್‌ನ, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಆರಿಸಿ. ಕೋಲು ಪ್ಯಾಡಿಗೆ ಬಡಿಯುವ ಸದ್ದು ಹೊರಗೇ ಉಳಿದರೆ ಕಡಿಮೆ ವಾಲ್ಯೂಮೇ ಸಾಕು. ಇರುವ ಹೆಡ್‌ಫೋನನ್ನೇ ಬಳಸಬೇಕಿದ್ದರೆ ಚಿಕ್ಕ ಹೆಡ್‌ಫೋನ್ ಆಂಪ್ಲಿಫೈಯರ್ ಜೋಡಿಸಬಹುದು.

ಆದರೆ ಪೋಷಕರೇ, ಇಲ್ಲೊಂದು ಎಚ್ಚರಿಕೆ ಅಗತ್ಯ. ಕಾರ್ಖಾನೆಗಳಿಗೆ ಶಿಫಾರಸು ಮಾಡಿರುವ ಮಿತಿ 85 ಡೆಸಿಬೆಲ್‌ನಲ್ಲಿ 8 ಗಂಟೆ. ಪ್ರತಿ 3 ಡೆಸಿಬೆಲ್ ಹೆಚ್ಚಿದಂತೆ ಸಮಯ ಅರ್ಧಕ್ಕಿಳಿಯುತ್ತದೆ. 94ರಲ್ಲಿ ಒಂದೇ ಗಂಟೆ. ದೊಡ್ಡವರಿಗೇ ಇಷ್ಟಾದರೆ ಮಕ್ಕಳಿಗೆ ಇನ್ನೂ ಕಡಿಮೆಯಿರಲಿ. ಅಭ್ಯಾಸದ ನಂತರ ಕಿವಿಯಲ್ಲಿ ಗುಂಯ್ ಎಂದರೆ ಸದ್ದು ಹೆಚ್ಚಾಯಿತೆಂದೇ ಅರ್ಥ. ಹೀಗೆ ಹಾಳಾದ ಶ್ರವಣಶಕ್ತಿ ಮರಳಿ ಬಾರದು.

ಕೊನೆಯದಾಗಿ, ಪೆಡಲ್ ತುಳಿತದ ಸದ್ದು ನೆಲದ ಮೂಲಕ ಕೆಳಮನೆಗೆ ಇಳಿಯುತ್ತದೆ. ಕಿಟ್ ಕೆಳಗೆ ದಪ್ಪ ಮ್ಯಾಟ್ ಹಾಸಲು ಮರೆಯದಿರಿ.