ಕ್ಲೋಸ್ ಸಾಹೇಬನ ಪೇಟೆ

ಬೆಳಗಿನ ಹೊತ್ತು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂದೆಡೆ ಹಳದಿ ಗೂಡಿನ ರಾಶಿ, ಇನ್ನೊಂದೆಡೆ ಬಿಳಿ. ನೂಲು ತೆಗೆಯುವ ರೀಲರ್ ಒಬ್ಬರು ಹಿಡಿ ಗೂಡು ಎತ್ತಿ ಬೆರಳಲ್ಲಿ ಒತ್ತುತ್ತಾರೆ, ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಏನೂ ಹೇಳದೆ ಮುಂದಿನ ಲಾಟಿಗೆ ಸರಿದರೆಂದರೆ ಬೆಳೆಗಾರನ ಮುಖ ಸಪ್ಪಗಾಗುತ್ತದೆ.

ಊರ ಸುತ್ತ ಬೋಳುಬಂಡೆಗಳ ಬೆಟ್ಟ. ಸ್ವಾತಂತ್ರ್ಯ ಬಂದ ಮೇಲೆ ರಾಮನಗರವಾದ ಈ ಊರು ಅದಕ್ಕೂ ಮೊದಲು ಕ್ಲೋಸ್‌ಪೇಟೆ. ಈಗ ಆ ಹೆಸರನ್ನು ಬಿಡದೆ ಹಿಡಿದಿರುವವರು ಭೂವಿಜ್ಞಾನಿಗಳು. ಇಲ್ಲಿಂದ ಬಳ್ಳಾರಿಯ ಕಡೆಗೆ ಚಾಚಿರುವ, ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲಿನ ಪಟ್ಟಿ ಅವರಿಗೆ ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’.

1800ರಲ್ಲಿ ಈ ಊರಿನ ಜಾಗ ಕಾಡುದಾರಿ. ಹಾದುಹೋಗುವವರಿಗೆ ಭದ್ರತೆಯಾಗಲೆಂದು ದಿವಾನ್ ಪೂರ್ಣಯ್ಯ ಇಲ್ಲಿ ಪೇಟೆ ಕಟ್ಟಿಸಿ, ಮೈಸೂರು ದರಬಾರಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ರಾಯಭಾರಿ, ಅಂದರೆ ರೆಸಿಡೆಂಟ್, ಬ್ಯಾರಿ ಕ್ಲೋಸ್‌ನ ಹೆಸರಿಟ್ಟರು.

ಕ್ಲೋಸ್ ಐರ್ಲೆಂಡಿನವನು, ಮದರಾಸು ಸೇನೆಯಲ್ಲಿ ಬೆಳೆದವನು, ಪಾರ್ಸಿ ಬಲ್ಲವನು. 1799ರಲ್ಲಿ ಟಿಪ್ಪು ಮಡಿದ ಮೇಲೆ ಅವನ ರಾಜ್ಯ ಹಂಚಲು ಕೂತ ಕಮಿಷನರುಗಳಲ್ಲಿ ಇವನೂ ಒಬ್ಬ. ಮೈಸೂರಿನ ಗದ್ದುಗೆಯ ಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ. ಕಂಪನಿ ಸೇನೆಯ ಖರ್ಚಿಗೆ ವರ್ಷಕ್ಕೆ 7 ಲಕ್ಷ ವರಹ ತೆರಬೇಕೆಂಬ ಕರಾರು. ಇದನ್ನು ಎರಡು ರಾಜ್ಯಗಳ ಸ್ನೇಹ ಎನ್ನಲು ನನಗೆ ನಾಲಿಗೆ ಏಳದು. ಟಿಪ್ಪುವಿನ ಬಳಿಯೂ ದುಡಿದಿದ್ದ ಪೂರ್ಣಯ್ಯನವರಿಗೆ ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ದಾರಿಗೆ ಹೇಗೂ ಪೇಟೆ ಬೇಕಿತ್ತು. ಹೆಸರಿಡಲು ಬೊಕ್ಕಸದಿಂದ ಒಂದು ಕಾಸೂ ಹೋಗಲಿಲ್ಲ. ಇಬ್ಬರಲ್ಲಿ ಪಳಗಿದ ರಾಯಭಾರಿ ಯಾರು? ನನ್ನ ಮತ ದಿವಾನರಿಗೆ.

1801ರಲ್ಲಿ ಕ್ಲೋಸ್ ಪುಣೆಯಲ್ಲಿ ಮರಾಠರ ಪೇಶ್ವೆಯ ದರಬಾರಿಗೆ ರೆಸಿಡೆಂಟ್ ಆದ. ಅಲ್ಲಿ ಅವನೆದುರು ಪಟ್ಟು ಹಾಕಬಲ್ಲ ಮಂತ್ರಿ ನಾನಾ ಫಡ್ನವೀಸ್ ಹಿಂದಿನ ವರ್ಷವೇ ತೀರಿಕೊಂಡಿದ್ದ. ಮರಾಠಾ ಸರದಾರ ಹೋಳ್ಕರನಿಗೆ ಸೋತು ಓಡಿಬಂದ ಪೇಶ್ವೆ ಎರಡನೇ ಬಾಜಿರಾಯನಿಂದ 1802ರ ಡಿಸೆಂಬರ್ 31ರಂದು ವಸಾಯಿಯಲ್ಲಿ ಒಪ್ಪಂದಕ್ಕೆ ರುಜು ಹಾಕಿಸಿಕೊಂಡವನು ಇದೇ ಕ್ಲೋಸ್. ಕಂಪನಿ ಪಡೆಯ ಖರ್ಚಿಗಾಗಿ ಪೇಶ್ವೆ 26 ಲಕ್ಷ ರೂಪಾಯಿ ಹುಟ್ಟುವಳಿಯ ಸೀಮೆಗಳನ್ನು ಬಿಟ್ಟುಕೊಟ್ಟ. ಮೈಸೂರಿನ ಗದ್ದುಗೆ ಏಟು ತಿಂದೂ ಉಳಿಯಿತು. ಪೇಶ್ವೆಯದು 1818ಕ್ಕೆ ಮುಗಿಯಿತು.