ಹೆಬ್ಬಾತಿನ ಬೆನ್ನು ಹತ್ತಿದವರು

ದೇವಾಪುರವಿರುವ ಸುರಪುರ ತಾಲ್ಲೂಕಿನಲ್ಲಿಯೇ ಬೋನಾಳದ ಕೆರೆಯೂ ಇದೆ. ಚಳಿಗಾಲದಲ್ಲಿ ಈ ಕೆರೆಗೆ ಬಂದಿಳಿಯುವ ಅತಿಥಿಗಳಲ್ಲಿ ಪಟ್ಟೆತಲೆಯ ಹೆಬ್ಬಾತು ಒಂದು. ಬೂದು ಬಣ್ಣದ ಮೈ, ಬಿಳಿಯ ತಲೆ, ನೆತ್ತಿಯ ಹಿಂದೆ ಕಾಡಿಗೆಯಿಂದ ಎಳೆದಂತಹ ಎರಡು ಕರಿಯ ಪಟ್ಟೆ, ಅರಿಸಿನ ಬಣ್ಣದ ಕೊಕ್ಕು. ಹಗಲೆಲ್ಲ ನೀರಿನ ನಡುವೆ ತೂಕಡಿಸುತ್ತಿದ್ದು, ಕತ್ತಲಾದ ಮೇಲೆ ಹೊಲಗಳಿಗಿಳಿದು ಎಳೆಯ ಪೈರನ್ನು ಮೇಯುವುದು ಅದರ ಪದ್ಧತಿ. ಆದ್ದರಿಂದ ಕೆರೆಯ ಏರಿಯ ಮೇಲೆ ನಿಂತವನಿಗೆ ಅದು ಚೆಲುವಾದ ಹಕ್ಕಿ. ಹೊಲದ ಒಡೆಯನಿಗೆ ಅಷ್ಟೇನೂ ಅಲ್ಲ. ಬೇಸಗೆಯ ಬಿಸಿಲು ಬಲಿಯುವ ಮುನ್ನ ಹಿಂಡು ಒಂದು ದಿನ ಎದ್ದು ಉತ್ತರ ದಿಕ್ಕಿಗೆ ಹೊರಟುಹೋಗುತ್ತದೆ.

ಎಲ್ಲಿಗೆ ಎಂಬ ಪ್ರಶ್ನೆಗೆ ಉತ್ತರ ಬಹುಕಾಲದಿಂದ ತಿಳಿದಿತ್ತು: ಲಡಾಖ್, ಟಿಬೆಟ್, ಇನ್ನೂ ಆಚೆಗೆ ಮಂಗೋಲಿಯ. ಹೇಗೆ ಎಂಬುದು ಮಾತ್ರ ಒಗಟಾಗಿಯೇ ಉಳಿದಿತ್ತು. ನಡುವೆ ಹಿಮಾಲಯ ಅಡ್ಡಗಟ್ಟಿ ನಿಂತಿದೆಯಲ್ಲವೆ? 1954ರಲ್ಲಿ ಮಕಾಲು ಪರ್ವತಕ್ಕೆ ಹೋಗಿದ್ದ ತಂಡದಲ್ಲಿದ್ದ ಅಮೆರಿಕದ ಜೀವವಿಜ್ಞಾನಿ ಲಾರೆನ್ಸ್ ಸ್ವಾನ್ ಎಂಬುವರು ಹಿಮನದಿಯ ಬಳಿ ಒಂದು ರಾತ್ರಿ ತಲೆಯ ಮೇಲೆ ಹೆಬ್ಬಾತುಗಳ ಕೂಗನ್ನು ಕೇಳಿದರು. ಮನುಷ್ಯನು ಹತ್ತು ಹೆಜ್ಜೆ ಇಟ್ಟು ಏದುಸಿರು ಬಿಡುವ ಎಡೆ ಅದು. ಅಂತಹಲ್ಲಿ ರೆಕ್ಕೆ ಬಡಿಯುತ್ತ, ಅದರ ಮೇಲೆ ಕೂಗುತ್ತಲೂ ಹೋಗುವ ಹಕ್ಕಿಯ ಹೃದಯವಾದರೂ ಎಂತಹುದು!

ಆ ಹೃದಯದ ಲೆಕ್ಕವನ್ನು ಬರೆದುಕೊಳ್ಳಲು ಹೊರಟವರು ಮಂಗೋಲಿಯದ ಪಕ್ಷಿವಿಜ್ಞಾನಿ ನ್ಯಾಂಬಾಯರ್ ಬಾತ್‌ಬಾಯರ್, ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಬಿಷಪ್, ಲೂಸಿ ಹಾಕ್ಸ್ ಮತ್ತು ಅವರ ಸಂಗಡಿಗರು. ಅವರ ಕಾರ್ಯಕ್ಷೇತ್ರ ಮಂಗೋಲಿಯದ ಅರ್ಖಂಗಾಯ್ ಪ್ರಾಂತದ ತೆರ್ಖಿನ್ ತ್ಸಗಾನ್ ನೂರ್ ಎಂಬ ಸರೋವರ. ಹಿಂದೆಂದೋ ಖೋರ್ಗೋ ಎಂಬ ಅಗ್ನಿಪರ್ವತ ಉಗುಳಿದ ಶಿಲಾರಸವು ನದಿಗೆ ಅಡ್ಡಲಾಗಿ ಹೆಪ್ಪುಗಟ್ಟಿದ್ದರಿಂದ ತಾನಾಗಿ ಆದ ಕೆರೆಯಿದು. ಕಡಲಮಟ್ಟದಿಂದ 2,000 ಮೀಟರಿಗಿಂತ ಮೇಲಿದೆ. ರಾಜಧಾನಿಯಾದ ಉಲಾನ್‌ಬಾತರಿನಿಂದ ನೂರಾರು ಕಿಲೋಮೀಟರ್ ಪಡುವಣಕ್ಕೆ ಹುಲ್ಲುಗಾವಲಿನ ನಡುವೆ ಸಾಗಿ ಇಲ್ಲಿಗೆ ತಲುಪಬೇಕು.

ಹೋಗಬೇಕಾದದ್ದು ಜುಲೈ ತಿಂಗಳಿನಲ್ಲಿಯೇ. ಹೆಬ್ಬಾತು ವರ್ಷಕ್ಕೊಮ್ಮೆ ತನ್ನ ರೆಕ್ಕೆಯ ದೊಡ್ಡ ಗರಿಗಳನ್ನೆಲ್ಲ ಒಟ್ಟಿಗೆ ಉದುರಿಸಿ ಹೊಸದನ್ನು ಬೆಳೆಸಿಕೊಳ್ಳುತ್ತದೆ. ಆ ಕೆಲವು ವಾರ ಅದು ಹಾರಲಾರದು. ಹಿಮಾಲಯವನ್ನು ದಾಟುವ ಹಕ್ಕಿ ನೆಲದ ಮೇಲಿನ ನರಿಗೂ ಅಂಜಿ ನೀರಿನ ನಡುವೆ ಕಾಲ ಕಳೆಯುವ ಈ ದೀನಸ್ಥಿತಿಯೇ ಸಂಶೋಧಕನಿಗೆ ಸುಮುಹೂರ್ತ.

ಇಂತಹ ಶಿಬಿರದ ದಿನಚರಿಯಲ್ಲಿ ಸಾಹಸಕ್ಕಿಂತ ತಾಳ್ಮೆಯ ಪಾಲೇ ಹೆಚ್ಚು. ಜುಲೈ ಆದರೂ ರಾತ್ರಿಯ ಚಳಿ ಮೈಕೊರೆಯುವಂತಹುದು; ಬೆಳಗಿನ ಜಾವ ಹೊದಿಕೆಯಿಂದ ಹೊರಬರುವುದೇ ಮೊದಲನೆಯ ಪರೀಕ್ಷೆ. ಸುತ್ತಣ ಪಶುಪಾಲಕರು ಉಣ್ಣೆಯ ದಪ್ಪ ಕಂಬಳಿ ಹೊದಿಸಿದ ದುಂಡನೆಯ ಗುಡಾರಗಳಲ್ಲಿ ವಾಸಿಸುತ್ತಾರೆ. ಅವರ ಮನೆಗೆ ಹೋದವನಿಗೆ ಮೊದಲು ಸಿಗುವುದು ಉಪ್ಪು ಹಾಕಿದ ಹಾಲಿನ ಚಹಾ. ಕಾಫಿಯಿಲ್ಲದೆ ಕಣ್ಣು ತೆರೆಯದ ಬೆಂಗಳೂರಿಗನು ಇದನ್ನು ಹೇಗೆ ಕುಡಿದಾನೋ ಹೇಳಲಾಗದು. ಊಟಕ್ಕೆ ಕುರಿಯ ಮಾಂಸ, ಹಿಟ್ಟಿನ ಎಳೆಗಳು. ನಡುನಡುವೆ ಕಲ್ಲಿನಂತೆ ಒಣಗಿಸಿದ ಮೊಸರಿನ ಗಟ್ಟಿ, ಹುಳಿಯಿಟ್ಟ ಕುದುರೆಯ ಹಾಲು. ಸೊಪ್ಪು ತರಕಾರಿಯ ಮಾತು ದೂರ.

ಚಹಾ ಮುಗಿದೊಡನೆ ಒಬ್ಬನು ದುರ್ಬೀನು ಹಿಡಿದು ದಿಣ್ಣೆಯೇರಿ ಕೂರುತ್ತಾನೆ. ಹಿಂಡು ಎಲ್ಲಿದೆ, ಮರಿಗಳೆಷ್ಟು, ಗಾಳಿ ಯಾವ ಕಡೆಯದು ಎಂಬುದನ್ನೆಲ್ಲ ಅರಿಯುವವರೆಗೆ ದೋಣಿಯನ್ನು ನೀರಿಗೆ ಇಳಿಸುವಂತಿಲ್ಲ. ದಡದಲ್ಲಿ ಎರಡು ತೋಳು ಚಾಚಿದಂತೆ ಬಲೆಯ ಬೇಲಿ, ಅದರ ತುದಿಗೆ ಒಂದು ದೊಡ್ಡಿ. ಅನಂತರ ಒಬ್ಬೊಬ್ಬರೇ ಕುಳಿತು ಹುಟ್ಟು ಹಾಕುವ ಕಿರುದೋಣಿಗಳು ಹಿಂಡಿನ ಹಿಂದೆ ಅರ್ಧಚಂದ್ರಾಕಾರವಾಗಿ ಹರಡಿಕೊಳ್ಳುತ್ತವೆ. ಸಂಜೆ ದನಗಳನ್ನು ಹಟ್ಟಿಗೆ ತರುವ ಹುಡುಗನಿಗೆ ಈ ವಿದ್ಯೆ ಗೊತ್ತು: ಅವಸರಪಟ್ಟರೆ ಕೆಟ್ಟಿತು. ಒಂದು ದೋಣಿ ಮುನ್ನುಗ್ಗಿದರೆ ಸಾಕು, ಹಕ್ಕಿಗಳು ಮುಳುಗಿ ದಿಕ್ಕಾಪಾಲಾಗುತ್ತವೆ. ಆ ದಿನದ ಶ್ರಮವೆಲ್ಲ ನೀರಿನಲ್ಲಿ ಹೋಮ. ನಡುವೆ ಗಾಳಿಯೆದ್ದರೂ ಅದೇ ಫಲ.

ದೊಡ್ಡಿಗೆ ಬಂದ ಮೇಲೆ ಗಡಿಬಿಡಿ. ಎರಡು ಮೂರು ಕಿಲೋ ತೂಗುವ ಹಕ್ಕಿಯನ್ನು ರೆಕ್ಕೆ ಬಿಚ್ಚದಂತೆ ಕಂಕುಳಲ್ಲಿ ಅವುಚಿಕೊಳ್ಳಬೇಕು. ಕಣ್ಣಿಗೆ ಬಟ್ಟೆ ಮುಚ್ಚಿದರೆ ಅದು ಸುಮ್ಮನಾಗುತ್ತದೆ. ತೂಕ, ಅಳತೆ, ಒಂದು ತೊಟ್ಟು ರಕ್ತ, ಕಾಲಿಗೆ ಲೋಹದ ಉಂಗುರ, ಕೊರಳಿಗೆ ಅಕ್ಷರ ಬರೆದ ಪಟ್ಟಿ. ಆರಿಸಿದ ಕೆಲವಕ್ಕೆ ಮಾತ್ರ ಇನ್ನೊಂದು ವಿಧಿಯುಂಟು. ಅರಿವಳಿಕೆ ಕೊಟ್ಟು, ಹೃದಯದ ಬಡಿತವನ್ನೂ ಎತ್ತರವನ್ನೂ ರೆಕ್ಕೆಯ ಚಲನೆಯನ್ನೂ ಬರೆದಿಡುವ ಪುಟ್ಟ ಯಂತ್ರವೊಂದನ್ನು ಶಸ್ತ್ರಕ್ರಿಯೆಯಿಂದ ಅದರ ಒಡಲೊಳಗೆ ಇಡುತ್ತಾರೆ. ಬದುಕಿರುವ ಜೀವಿಯನ್ನು ಹೀಗೆ ಕೊಯ್ಯುವುದು ಸರಿಯೇ ಎಂದು ಓದುಗರು ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ. ಹಕ್ಕಿಗೆ ಅದರಿಂದ ಲಾಭವೇನೂ ಇಲ್ಲ.

ಈ ಯಂತ್ರ ಸುದ್ದಿಯನ್ನು ಆಕಾಶಮಾರ್ಗವಾಗಿ ಕಳುಹಿಸುವುದಿಲ್ಲ. ಅದು ಬರೆದಿಟ್ಟುಕೊಳ್ಳುತ್ತದೆ, ಅಷ್ಟೆ. ಓದಬೇಕಾದರೆ ಅದೇ ಹಕ್ಕಿ ಮುಂದಿನ ಬೇಸಗೆಗೆ ಅದೇ ಕೆರೆಗೆ ಬರಬೇಕು, ಮತ್ತೆ ಬಲೆಗೆ ಬೀಳಬೇಕು. ಅಲ್ಲಿಯವರೆಗೆ ಸಂಶೋಧಕನು ಮಾಡುವಂತಹುದು ಏನೂ ಇಲ್ಲ. ಶರತ್ಕಾಲದಲ್ಲಿ ಹಕ್ಕಿಗಳು ಹೊರಡುತ್ತವೆ. ಕೆಲವು ಟಿಬೆಟ್ಟಿನ ತೆಂಕಣ ಕಣಿವೆಗಳಲ್ಲಿ ನಿಲ್ಲುತ್ತವೆ, ಕೆಲವು ಭಾರತಕ್ಕೆ ಇಳಿಯುತ್ತವೆ. ದಾರಿಯಲ್ಲಿ ಹದ್ದುಂಟು, ವಿದ್ಯುತ್ತಿನ ತಂತಿಯುಂಟು, ಬೇಟೆಗಾರನ ಕೋವಿಯುಂಟು. ರೋಗವೂ ಉಂಟು: 2005ರ ಮೇ ತಿಂಗಳಿನಲ್ಲಿ ಚೀನದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರದಿಂದ ಸಾವಿರಾರು ಹಕ್ಕಿಗಳು ಸತ್ತವು, ಅವುಗಳಲ್ಲಿ ಪಟ್ಟೆತಲೆಯ ಹೆಬ್ಬಾತುಗಳೇ ಬಹಳ. ಮರಳಿ ಬಾರದ ಹಕ್ಕಿಯೊಡನೆ ಒಂದು ವರ್ಷದ ದುಡಿಮೆಯೂ ಹೋಯಿತು.

ಹಲವು ಮರಳಿ ಬಂದವು. ಕೊನೆಗೆ ಏಳು ಹಕ್ಕಿಗಳ ಒಡಲಿನ ಬರಹ ಸಿಕ್ಕಿತು; ಅದರ ಫಲಿತಾಂಶ 2015ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. ಹೆಬ್ಬಾತು ಒಮ್ಮೆ ಎತ್ತರಕ್ಕೇರಿ ಅಲ್ಲಿಯೇ ನೇರವಾಗಿ ಸಾಗುತ್ತದೆಂಬ ಭಾವನೆ ಸುಳ್ಳಾಯಿತು. ಅದು ಬೆಟ್ಟ ಬಂದಾಗ ಏರಿ, ಕಣಿವೆ ಬಂದಾಗ ಇಳಿದು, ಗಳಿಸಿದ ಎತ್ತರವನ್ನು ಮತ್ತೆ ಮತ್ತೆ ಕಳೆದುಕೊಳ್ಳುತ್ತ ಹೋಗುತ್ತದೆ. ದಡ್ಡತನದಂತೆ ತೋರುವ ಇದು ನಿಜವಾಗಿ ಜಾಣತನ. ಮೇಲಣ ತೆಳುಗಾಳಿಯಲ್ಲಿ ರೆಕ್ಕೆಯನ್ನು ಬೇಗ ಬೇಗ ಬಡಿಯಬೇಕು. ಆ ಬಡಿತ ನೂರಕ್ಕೆ 5ರಷ್ಟು ಹೆಚ್ಚಿದರೆ ಹೃದಯದ ಬಡಿತ ನೂರಕ್ಕೆ 19ರಷ್ಟು, ವ್ಯಯವಾಗುವ ಶಕ್ತಿ ನೂರಕ್ಕೆ 41ರಷ್ಟು ಹೆಚ್ಚುತ್ತದೆ. ಸಾಧ್ಯವಾದಷ್ಟೂ ತಗ್ಗಿನಲ್ಲಿ ಹಾರುವುದೇ ಅದಕ್ಕೆ ಮಿತವ್ಯಯ. ಅಗತ್ಯ ಬಿದ್ದಾಗ ಏರಲು ಬಾರದೆಂದಲ್ಲ. 7,290 ಮೀಟರ್ ಎತ್ತರದಲ್ಲಿ ಹಾರಿದ ಹೆಬ್ಬಾತಿನ ದಾಖಲೆ 2013ರಲ್ಲಿಯೇ ಪ್ರಕಟವಾಗಿತ್ತು.

ಮಂಗೋಲಿಯದ ಕೊರಳಪಟ್ಟಿ ಹೊತ್ತ ಹೆಬ್ಬಾತುಗಳು ಮೈಸೂರಿನ ಬಳಿಯ ಹದಿನಾರು ಗ್ರಾಮದ ಕೆರೆಯಲ್ಲಿ ಕಾಣಿಸಿಕೊಂಡಿವೆ. ಬೋನಾಳದಲ್ಲಿ ಅಂತಹುದೊಂದು ಕಂಡರೆ ದೇವಾಪುರದ ಶಾಲಾಬಾಲಕನೂ ಮಾಡಬಹುದಾದ ಕೆಲಸವಿದೆ. ಹತ್ತಿರ ಹೋಗಿ ಹೆದರಿಸದೆ, ಪಟ್ಟಿಯ ಬಣ್ಣ, ಅಕ್ಷರ, ದಿನಾಂಕ, ಕೆರೆಯ ಹೆಸರು ಇಷ್ಟನ್ನು ಬರೆದುಕೊಂಡು ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿದರಾಯಿತು. ಉಪ್ಪಿನ ಚಹಾ ಕುಡಿಯುತ್ತ ದಿಣ್ಣೆಯ ಮೇಲೆ ಕುಳಿತವನಿಗೆ, ತನ್ನ ಹಕ್ಕಿ ಆ ಚಳಿಗಾಲವನ್ನು ಎಲ್ಲಿ ಕಳೆಯಿತೆಂಬುದು ಹಾಗೆ ತಿಳಿಯುತ್ತದೆ.